ಹಾಲಿನ ಮೇಲಿನ ಆಪಾದನೆ

1986ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಪತ್ರಿಕೆಯಲ್ಲಿ ಒಬ್ಬರೇ ಒಬ್ಬ ರೋಗಿಯ ಬಗ್ಗೆ ಲೇಖನವೊಂದು ಅಚ್ಚಾಯಿತು. ಆಕೆಗೆ 52 ವರ್ಷ. ಹನ್ನೊಂದು ವರ್ಷಗಳಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಏಳುವಾಗ ಗಂಟುಗಳು ಬಿಗಿದುಕೊಂಡಿರುತ್ತಿದ್ದವು, ಊದಿಕೊಂಡಿರುತ್ತಿದ್ದವು. ಕೆಲವು ಪದಾರ್ಥ ತಿಂದರೆ ಇದೆಲ್ಲ ಜಾಸ್ತಿಯಾಗುತ್ತದೆ, ಅದರಲ್ಲೂ ಹಾಲು ತನಗೆ ಆಗಿಬರುವುದಿಲ್ಲ ಎಂದು ಆಕೆ ಹೇಳುತ್ತಿದ್ದರು. ಇಂಥ ಮಾತನ್ನು ಬಹುತೇಕ ವೈದ್ಯರು ಕೇಳಿ ಸುಮ್ಮನಾಗುತ್ತಾರೆ. ರಿಚರ್ಡ್ ಪಾನುಷ್ ಮತ್ತು ಅವರ ಸಂಗಡಿಗರು ಸುಮ್ಮನಾಗಲಿಲ್ಲ. ಮೊದಲು ಕೆಲವು ದಿನ ಆಕೆಯ ಮಾಮೂಲಿ ಊಟವನ್ನು ನಿಲ್ಲಿಸಿದರು. ಗಂಟುಗಳ ಬಿಗಿತ, ಊತ ಹೆಚ್ಚುಕಡಿಮೆ ಮಾಯವಾದವು. ಆಮೇಲೆ ಬೇರೆ ಬೇರೆ ಆಹಾರವನ್ನು ಕ್ಯಾಪ್ಸೂಲುಗಳಲ್ಲಿ ತುಂಬಿ ಕೊಟ್ಟರು. ಯಾವ ಕ್ಯಾಪ್ಸೂಲಿನಲ್ಲಿ ಏನಿದೆ ಎಂಬುದು ಆಕೆಗೂ ಗೊತ್ತಿಲ್ಲ, ಗಂಟುಗಳನ್ನು ಮುಟ್ಟಿ ನೋಡುವ ವೈದ್ಯರಿಗೂ ಗೊತ್ತಿಲ್ಲ. ಹಾಲು ಇದ್ದ ಕ್ಯಾಪ್ಸೂಲು ನುಂಗಿದಾಗ ಒಂದೆರಡು ದಿನದೊಳಗೆ ಗಂಟುಗಳು ಮತ್ತೆ ಊದಿಕೊಂಡವು. ಬೇರೆ ಕ್ಯಾಪ್ಸೂಲುಗಳಿಗೆ ಹಾಗಾಗಲಿಲ್ಲ. ಪರೀಕ್ಷೆಯನ್ನು ಮತ್ತೆ ಮಾಡಿದರು, ಫಲಿತಾಂಶ ಮತ್ತೆ ಅದೇ.

ಹಾಲು ಮೈಯಲ್ಲಿ ಉರಿಯೂತ ತರುತ್ತದೆ ಎನ್ನುವವರಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗಲಾರದು. ಆದರೆ ಪಾನುಷ್ ಅಲ್ಲಿಗೇ ನಿಲ್ಲಲಿಲ್ಲ. ಆಹಾರದಿಂದಲೇ ತಮ್ಮ ಸಂಧಿವಾತ ಕೆರಳುತ್ತದೆ ಎಂದು ನಂಬಿದ್ದ 16 ಮಂದಿಯನ್ನು ಇದೇ ಬಗೆಯಲ್ಲಿ, ಮುಚ್ಚಿದ ಕ್ಯಾಪ್ಸೂಲು ಕೊಟ್ಟು ಪರೀಕ್ಷಿಸಿದರು. ನಿಜವಾಗಿ ತೊಂದರೆ ಕಾಣಿಸಿಕೊಂಡಿದ್ದು ಮೂವರಲ್ಲಿ. ಉಳಿದ ಹದಿಮೂರು ಮಂದಿಗೆ, ತಾವು ದೂರುತ್ತಿದ್ದ ಆಹಾರವೇ ಹೊಟ್ಟೆ ಸೇರಿದರೂ, ಏನೂ ಆಗಲಿಲ್ಲ.

ಮೂವರದೂ ಸುಳ್ಳಲ್ಲ, ಹದಿಮೂರು ಮಂದಿಯದೂ ನಾಟಕವಲ್ಲ. ಹಾಲು ಮತ್ತು ಉರಿಯೂತದ ಚರ್ಚೆಯಲ್ಲಿ ಕೈತಪ್ಪುತ್ತಿರುವುದು ಈ ಎರಡು ಗುಂಪುಗಳ ನಡುವಿನ ವ್ಯತ್ಯಾಸ. ಮೊಣಕಾಲು ನೋವು ಎಂದರೆ ಸಾಕು, ‘ಹಾಲು-ಮೊಸರು ಬಿಟ್ಟುಬಿಡಿ’ ಎಂಬ ಸಲಹೆ ಇವತ್ತು ನೆಂಟರಿಂದಲೂ ಬರುತ್ತದೆ, ಮೊಬೈಲಿನ ವಿಡಿಯೊಗಳಿಂದಲೂ ಬರುತ್ತದೆ. ಥೈರಾಯ್ಡ್, ಮೊಡವೆ, ಬೊಜ್ಜು, ಸುಸ್ತು ಎಲ್ಲಕ್ಕೂ ಅದೇ ಕಾರಣ, ಅದೇ ಪರಿಹಾರ. ಕೇಳಿಸಿಕೊಂಡವರು ನೋವಿನಲ್ಲಿರುವವರು. ಅವರು ಪ್ರಯೋಗ ಮಾಡಿಯೇ ಮಾಡುತ್ತಾರೆ. ಹಾಗಾಗಿ ಸಲಹೆಯ ಹಿಂದೆ ಎಷ್ಟು ಸತ್ಯವಿದೆ ಎಂದು ನೋಡುವುದು ಅಗತ್ಯ.

ಉರಿಯೂತ ತಾನಾಗಿ ಒಂದು ರೋಗವಲ್ಲ. ಈಳಿಗೆ ಮಣೆಗೆ ಬೆರಳು ತಾಗಿ ಗಾಯವಾದಾಗ ಆ ಜಾಗ ಕೆಂಪಾಗುತ್ತದೆ, ಊದುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಈ ನಾಲ್ಕು ಗುರುತುಗಳನ್ನು ರೋಮಿನ ಸೆಲ್ಸಸ್ ಎಂಬ ಬರಹಗಾರ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲೇ ಪಟ್ಟಿ ಮಾಡಿದ್ದ. ರಕ್ತನಾಳಗಳು ಹಿಗ್ಗಿ, ಬಿಳಿ ರಕ್ತಕಣಗಳು ಗಾಯದ ಕಡೆಗೆ ನುಗ್ಗಿ, ಸೋಂಕನ್ನು ತಡೆದು, ಹಾಳಾದ ಭಾಗವನ್ನು ದುರಸ್ತಿ ಮಾಡುವ ಕ್ರಿಯೆ ಅದು. ಅದಿಲ್ಲದೆ ಹೋದರೆ ಸಣ್ಣ ಗಾಯವೂ ಮಾಯುವುದಿಲ್ಲ. ಕೆಲವು ದಿನಗಳಲ್ಲಿ ಅದು ತಾನಾಗಿ ಇಳಿಯುತ್ತದೆ.

ತೊಂದರೆ ಇರುವುದು ಇಳಿಯದೆ ಉಳಿದುಬಿಡುವ ಉರಿಯೂತದಲ್ಲಿ. ಊತವಿಲ್ಲ, ಜ್ವರವಿಲ್ಲ, ಆದರೂ ರಕ್ತದಲ್ಲಿ ಅದರ ಕುರುಹುಗಳು ವರ್ಷಗಟ್ಟಲೆ ಸ್ವಲ್ಪ ಮೇಲ್ಮಟ್ಟದಲ್ಲೇ ಇರುತ್ತವೆ. ಕುರುಹುಗಳಲ್ಲಿ ಹೆಸರಾದದ್ದು ಸಿ-ರಿಯಾಕ್ಟಿವ್ ಪ್ರೋಟೀನ್, ಲ್ಯಾಬಿನ ಚೀಟಿಯಲ್ಲಿ ಬರೆಯುವಂತೆ ಸಿಆರ್‌ಪಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಗುರುತಿಸಿದರು. ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ತಲುಪಿದಾಗ ಯಕೃತ್ತು ಇದನ್ನು ತಯಾರಿಸುತ್ತದೆ. ಸೂಕ್ಷ್ಮ ಪರೀಕ್ಷೆಯಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು ಎಂದು ಅಮೆರಿಕದ ಹೃದಯತಜ್ಞರು 2003ರಲ್ಲಿ ಒಂದು ಅಳತೆ ಹಾಕಿಕೊಟ್ಟರು. ಬರೀ ಶೀತ-ಜ್ವರ ಬಂದರೂ ಈ ಸಂಖ್ಯೆ ಹತ್ತನ್ನು ದಾಟಬಹುದು, ಬ್ಯಾಕ್ಟೀರಿಯಾದ ಜೋರು ಸೋಂಕಿನಲ್ಲಿ ನೂರನ್ನೂ ದಾಟುತ್ತದೆ. ಆದ್ದರಿಂದ ಒಂದು ಲೋಟ ಹಾಲು ಕುಡಿದು ಮಾರನೆಯ ದಿನ ಸಿಆರ್‌ಪಿ ಮಾಡಿಸಿದರೆ ಏನೂ ತಿಳಿಯುವುದಿಲ್ಲ.

ಈ ಮೆಲುದನಿಯ ಉರಿಯೂತ ಹೃದಯಕ್ಕೆ ಹಾನಿ ಮಾಡುತ್ತದೆ ಎಂಬುದು ಬಹುಕಾಲ ಊಹೆಯಾಗಿಯೇ ಇತ್ತು. 2017ರಲ್ಲಿ ಬಾಸ್ಟನ್ನಿನ ಪಾಲ್ ರಿಡ್ಕರ್ ನೇತೃತ್ವದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮೇಲೆ ನಡೆದ ಕ್ಯಾಂಟೋಸ್ ಪ್ರಯೋಗ ಅದನ್ನು ತೋರಿಸಿಕೊಟ್ಟಿತು. ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಔಷಧಿ ಕೊಟ್ಟಾಗ ಹೃದಯಾಘಾತಗಳು ಕಡಿಮೆಯಾದವು. ಅಲ್ಲಿಂದ ಮುಂದೆ ‘ಉರಿಯೂತ ತಗ್ಗಿಸುವ ಆಹಾರ’ ಎಂಬ ಮಾತಿಗೆ ಹೊಸ ಬಲ ಬಂತು. ಯಾವ ಆಹಾರ ಏರಿಸುತ್ತದೆ, ಯಾವುದು ಇಳಿಸುತ್ತದೆ ಎಂಬ ಪಟ್ಟಿಗಳು ಹುಟ್ಟಿಕೊಂಡವು. ಏರಿಸುವವುಗಳ ಸಾಲಿನಲ್ಲಿ, ಕರಿದ ತಿಂಡಿ, ಸಕ್ಕರೆ, ಸಂಸ್ಕರಿಸಿದ ಮಾಂಸದ ಪಕ್ಕದಲ್ಲಿ, ಹಾಲೂ ಬಂದು ಕೂತಿತು.

ಅದಕ್ಕೆ ಕಾರಣ ಇಲ್ಲದಿಲ್ಲ. ಹಾಲಿನ ಕೊಬ್ಬಿನಲ್ಲಿ ಮೂರನೇ ಎರಡು ಭಾಗದಷ್ಟು ಸ್ಯಾಚುರೇಟೆಡ್ ಕೊಬ್ಬು. ದಕ್ಷಿಣ ಕರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 1,943 ಸಂಶೋಧನಾ ಲೇಖನಗಳನ್ನು ಜಾಲಾಡಿ 2014ರಲ್ಲಿ ರೂಪಿಸಿದ ಆಹಾರ-ಉರಿಯೂತ ಸೂಚ್ಯಂಕದಲ್ಲಿ ಈ ಕೊಬ್ಬು ಉರಿಯೂತ ಏರಿಸುವ ಕಡೆಗಿದೆ. ಹಾಲಿನಲ್ಲಿ ಆ ಕೊಬ್ಬಿದೆ, ಆದ್ದರಿಂದ ಹಾಲು ಉರಿಯೂತ ತರುತ್ತದೆ ಎಂದು ಲೆಕ್ಕ ಹಾಕಲು ಎರಡು ನಿಮಿಷ ಸಾಕು. ಆದರೆ ಯಾರೂ ಕೊಬ್ಬನ್ನು ಬೇರೆ ತೆಗೆದು ತಿನ್ನುವುದಿಲ್ಲ, ಹಾಲು ಕುಡಿಯುತ್ತಾರೆ. ಹಾಲಿನಲ್ಲಿ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿದ್ದು, ಪ್ರತಿ ಹನಿಯೂ ತೆಳುವಾದ ಒಂದು ಪೊರೆ ಹೊದ್ದುಕೊಂಡಿರುತ್ತದೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ತೂಕ ಹೆಚ್ಚಿದ್ದ 57 ಮಂದಿಗೆ ಎಂಟು ವಾರ ದಿನಕ್ಕೆ 40 ಗ್ರಾಂ ಹಾಲಿನ ಕೊಬ್ಬು ಕೊಟ್ಟು ನೋಡಿದರು. ಅರ್ಧ ಜನಕ್ಕೆ ಪೊರೆ ಉಳಿದಿರುವ ಕೆನೆಯ ರೂಪದಲ್ಲಿ, ಇನ್ನರ್ಧ ಜನಕ್ಕೆ ಪೊರೆ ಕಳೆದ ಬೆಣ್ಣೆಯ ಎಣ್ಣೆಯಾಗಿ, ಅಂದರೆ ನಮ್ಮ ತುಪ್ಪಕ್ಕೆ ಬಹಳ ಹತ್ತಿರದ ರೂಪದಲ್ಲಿ. ಎಣ್ಣೆ ತಿಂದವರ ಕೆಟ್ಟ ಕೊಲೆಸ್ಟರಾಲ್ ಏರಿತು. ಕೆನೆ ತಿಂದವರದು ಏರಲಿಲ್ಲ. ಅಳೆದದ್ದು ಕೊಲೆಸ್ಟರಾಲನ್ನು, ಉರಿಯೂತದ ಲೆಕ್ಕ ಅದರಲ್ಲಿ ಬರುವುದಿಲ್ಲ ನಿಜ. ಆದರೂ ಒಂದೇ ಕೊಬ್ಬು, ಅಷ್ಟೇ ಗ್ರಾಂ, ರೂಪ ಬದಲಾದರೆ ಮೈಗೆ ಬೇರೆಯಾಗುತ್ತದೆ ಎಂಬುದನ್ನು ಮರೆತು ಹಾಲನ್ನು ಅಳೆಯಲಾಗದು.

ಇನ್ನೊಂದು ಆಪಾದನೆ ಸ್ವೀಡನ್ನಿನಿಂದ ಬಂತು, ಅದು ಇನ್ನೂ ಗಂಭೀರವಾದದ್ದು. 2014ರಲ್ಲಿ ಕಾರ್ಲ್ ಮಿಕೇಲ್ಸನ್ ಮತ್ತು ಸಂಗಡಿಗರು 61,433 ಮಹಿಳೆಯರು ಹಾಗೂ 45,339 ಪುರುಷರ ದೀರ್ಘಕಾಲದ ದಾಖಲೆಗಳನ್ನು ಪ್ರಕಟಿಸಿದರು. ದಿನಕ್ಕೆ ಮೂರು ಲೋಟ ಅಥವಾ ಅದಕ್ಕಿಂತ ಹೆಚ್ಚು ಹಾಲು ಕುಡಿಯುತ್ತಿದ್ದ ಮಹಿಳೆಯರಲ್ಲಿ ಸಾವಿನ ಪ್ರಮಾಣ, ಒಂದು ಲೋಟಕ್ಕಿಂತ ಕಡಿಮೆ ಕುಡಿಯುತ್ತಿದ್ದವರಿಗೆ ಹೋಲಿಸಿದರೆ, ಹತ್ತಿರ ಹತ್ತಿರ ಎರಡು ಪಟ್ಟಿತ್ತು. ಹಾಲು ಹೆಚ್ಚು ಕುಡಿದಂತೆ ಇಂಟರ್‌ಲ್ಯೂಕಿನ್-6 ಸೇರಿದಂತೆ ಉರಿಯೂತ ಮತ್ತು ಆಕ್ಸಿಡೇಟಿವ್ ಒತ್ತಡದ ಕುರುಹುಗಳೂ ಹೆಚ್ಚಿದ್ದವು. ಹಾಲಿನ ಸಕ್ಕರೆ ಒಡೆದಾಗ ಬರುವ ಗ್ಯಾಲಕ್ಟೋಸ್ ಇದಕ್ಕೆ ಕಾರಣವಿರಬಹುದು ಎಂದು ಅವರು ಊಹಿಸಿದರು. ಪತ್ರಿಕೆಗಳಲ್ಲಿ ಇಷ್ಟು ಸುದ್ದಿಯಾಯಿತು. ಸುದ್ದಿಯಾಗದ ಅರ್ಧ ಅದೇ ಲೇಖನದಲ್ಲಿತ್ತು. ಮೊಸರು, ಚೀಸ್‌ನಂಥ ಹುಳಿ ಬರಿಸಿದ ಪದಾರ್ಥಗಳನ್ನು ಹೆಚ್ಚು ತಿನ್ನುತ್ತಿದ್ದವರಲ್ಲಿ ಚಿತ್ರ ತಿರುವುಮುರುವಾಗಿತ್ತು, ಸಾವೂ ಮೂಳೆ ಮುರಿತವೂ ಕಡಿಮೆ ಇದ್ದವು. ಇದು ಜನರನ್ನು ಗಮನಿಸಿ ಬರೆದ ದಾಖಲೆಯೇ ಹೊರತು ಹಾಲು ಕುಡಿಸಿ ನೋಡಿದ ಪ್ರಯೋಗವಲ್ಲ, ಎಚ್ಚರದಿಂದ ಓದಿ ಎಂದು ಲೇಖಕರೇ ಹೇಳಿದ್ದರು.

ಗಮನಿಸುವ ಅಧ್ಯಯನಗಳಿಗೆ ಇರುವ ಮಿತಿ ಹಾಲಿನ ಪರವಾಗಿ ಬಂದವುಗಳಿಗೂ ಅನ್ವಯಿಸುತ್ತದೆ. 21 ದೇಶಗಳ 1,36,384 ಜನರನ್ನು ಒಳಗೊಂಡ ‘ಪ್ಯೂರ್’ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಅದರ ಕೇಂದ್ರಗಳಲ್ಲಿ ಒಂದು. ದಿನಕ್ಕೆ ಎರಡು ಪಾಲಿಗಿಂತ ಹೆಚ್ಚು ಹಾಲಿನ ಪದಾರ್ಥ ತೆಗೆದುಕೊಳ್ಳುವವರಲ್ಲಿ ಸಾವು ಮತ್ತು ಹೃದ್ರೋಗ ಕಡಿಮೆ ಎಂದು ಅದು ಹೇಳಿತು. ಆದರೆ ಬಡ ದೇಶಗಳಲ್ಲಿ ದಿನವೂ ಹಾಲು ಕೊಳ್ಳಬಲ್ಲವರಿಗೆ ಒಳ್ಳೆಯ ಊಟ, ಒಳ್ಳೆಯ ಆಸ್ಪತ್ರೆ ಕೂಡ ಎಟುಕುವ ಸಾಧ್ಯತೆ ಹೆಚ್ಚು. ಆ ಎಳೆಗಳನ್ನು ಎಷ್ಟು ಬಿಡಿಸಿದರೂ ಪೂರ್ತಿ ಬಿಡುವುದಿಲ್ಲ.

ಹಾಗಾದರೆ ಹಾಲು ಕೊಟ್ಟು, ರಕ್ತ ತೆಗೆದು ನೋಡಿದ ಪ್ರಯೋಗಗಳು ಏನನ್ನುತ್ತವೆ? ಇಟಲಿಯ ಅಲೆಸ್ಸಾಂಡ್ರಾ ಬೊರ್ಡೋನಿ ಮತ್ತು ಸಂಗಡಿಗರು ಇಂಥ 52 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ಒಟ್ಟಾರೆ ಹಾಲಿನ ಪದಾರ್ಥಗಳು ಉರಿಯೂತವನ್ನು ಸ್ವಲ್ಪ ಇಳಿಸುವ ಕಡೆಗೇ ವಾಲಿದ್ದವು. ಮಧುಮೇಹ, ಬೊಜ್ಜಿನಂಥ ತೊಂದರೆ ಇದ್ದವರಲ್ಲಿ ಈ ವಾಲಿಕೆ ಇನ್ನೂ ಸ್ಪಷ್ಟವಾಗಿತ್ತು. ಏರಿಸಿದ್ದು ಹಸುವಿನ ಹಾಲಿನ ಅಲರ್ಜಿ ಇದ್ದವರಲ್ಲಿ. 2019ರಲ್ಲಿ ನಾರ್ವೆಯ ಸ್ಟೀನೆ ಉಲ್ವೆನ್ ಮತ್ತು ಸಂಗಡಿಗರು 16 ಅಧ್ಯಯನಗಳನ್ನು ಆರಿಸಿ ನೋಡಿದಾಗಲೂ, ಆರೋಗ್ಯವಂತರಲ್ಲಾಗಲಿ ತೂಕ ಹೆಚ್ಚಿದ್ದವರಲ್ಲಾಗಲಿ ಹಾಲು ಉರಿಯೂತ ಏರಿಸಿದ ಗುರುತು ಸಿಗಲಿಲ್ಲ. 2021ರಲ್ಲಿ 27 ಪ್ರಯೋಗಗಳನ್ನು ನೋಡಿದ ಮತ್ತೊಂದು ಪರಿಶೀಲನೆಯ ತೀರ್ಮಾನವೂ ಅದೇ: ಒಂದೋ ಏನೂ ಪರಿಣಾಮವಿಲ್ಲ, ಇಲ್ಲವೇ ಕೊಂಚ ಒಳ್ಳೆಯದು.

ಇಲ್ಲಿ ಓದುಗರು ಹಣದ ಮೂಲವನ್ನು ಕೇಳಬೇಕು. ಕೊನೆಯ ಪರಿಶೀಲನೆ ಬರೆದವರಲ್ಲಿ ಒಬ್ಬರು ಅಮೆರಿಕದ ಹಾಲು ಉತ್ಪಾದಕರ ಸಂಸ್ಥೆಯಾದ ನ್ಯಾಷನಲ್ ಡೈರಿ ಕೌನ್ಸಿಲ್‌ನವರು. ಹಾಲಿನ ಸಂಶೋಧನೆಯಲ್ಲಿ ಹಾಲು ಮಾರುವವರ ಹಣ ಬಹಳ ಕಡೆ ಇದೆ. ಹೀಗಾಗಿ ‘ಹಾಲು ಉರಿಯೂತವನ್ನು ಗುಣಪಡಿಸುತ್ತದೆ’ ಎಂದು ಜಾಹೀರಾತು ಬಂದರೆ ನಂಬಬೇಕಾಗಿಲ್ಲ, ಕಂಡುಬಂದಿರುವ ಇಳಿಕೆ ಅಷ್ಟು ದೊಡ್ಡದೂ ಅಲ್ಲ. ಆದರೆ ಹಲವು ದೇಶಗಳಲ್ಲಿ, ಹಲವು ಕೈಗಳಲ್ಲಿ ನಡೆದ ಇಷ್ಟೊಂದು ಪ್ರಯೋಗಗಳಲ್ಲಿ ಹಾಲು ನಿಜವಾಗಿಯೂ ಎಲ್ಲರ ಮೈಯಲ್ಲೂ ಬೆಂಕಿ ಹಚ್ಚುತ್ತಿದ್ದರೆ ಅದರ ಹೊಗೆಯಾದರೂ ಕಾಣಬೇಕಿತ್ತು. ಅಲರ್ಜಿಯವರನ್ನು ಬಿಟ್ಟರೆ ಅದು ಕಂಡಿಲ್ಲ.

ಎಲ್ಲ ಹಾಲಿನ ಪದಾರ್ಥಗಳಲ್ಲಿ ಹೆಚ್ಚು ಒಳ್ಳೆಯ ಹೆಸರು ಪಡೆದದ್ದು ಮೊಸರು. ರಾತ್ರಿ ಊಟವಾದ ಮೇಲೆ ಹಾಲನ್ನು ಬೆರಳು ಅದ್ದಿದರೆ ಹಿತವೆನಿಸುವಷ್ಟು ಬೆಚ್ಚಗೆ ಮಾಡಿ, ಅರ್ಧ ಚಮಚ ಹಳೆಯ ಮೊಸರು ಹಾಕಿ ಕಲಕಿ, ಪಾತ್ರೆ ಮುಚ್ಚಿ ಅಲುಗಾಡದ ಕಡೆ ಇಡುತ್ತಾರೆ. ಆ ಅರ್ಧ ಚಮಚ ಹೆಪ್ಪಿನಲ್ಲಿ ಕೋಟಿಗಟ್ಟಲೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನ ಒಂದು ಪಾಲನ್ನು ತಿಂದು ಆಮ್ಲವಾಗಿಸುತ್ತವೆ. ಹುಳಿ ಏರುತ್ತ ಪಿಎಚ್ 4.6ರ ಹತ್ತಿರ ಬಂದಾಗ, ಅಲ್ಲಿಯವರೆಗೆ ಹಾಲಿನಲ್ಲಿ ತೇಲುತ್ತಿದ್ದ ಕೇಸಿನ್ ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಲೆಯಾಗುತ್ತವೆ. ನೀರು, ಕೊಬ್ಬು ಎಲ್ಲ ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತವೆ. ಬೆಳಿಗ್ಗೆ ಪಾತ್ರೆ ಓರೆ ಮಾಡಿದರೂ ಚೆಲ್ಲದೆ ನಿಲ್ಲುವ ಗಟ್ಟಿ ಮೊಸರು ಅದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಅನೇಕರಿಗೆ ಇದು ಆಗಿಬರುವುದು, ಲ್ಯಾಕ್ಟೋಸ್ ಕಡಿಮೆಯಾಗಿರುವುದರಿಂದ ಮತ್ತು ಉಳಿದದ್ದನ್ನು ಕರುಳಿನಲ್ಲಿ ಒಡೆಯಲು ಆ ಬ್ಯಾಕ್ಟೀರಿಯಾಗಳೇ ನೆರವಾಗುವುದರಿಂದ.

2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಸ್ಟಿನ್ ಸೊನೆನ್‌ಬರ್ಗ್, ಕ್ರಿಸ್ಟೋಫರ್ ಗಾರ್ಡ್ನರ್ ಮತ್ತು ಸಂಗಡಿಗರು 36 ಆರೋಗ್ಯವಂತರನ್ನು ಎರಡು ಗುಂಪು ಮಾಡಿ ಹತ್ತು ವಾರ ಊಟ ಬದಲಿಸಿದರು. ಒಂದು ಗುಂಪಿಗೆ ನಾರು ಹೆಚ್ಚಿರುವ ಆಹಾರ, ಇನ್ನೊಂದಕ್ಕೆ ಮೊಸರು, ಕೆಫೀರ್, ಕಿಮ್ಚಿಯಂಥ ಹುಳಿ ಬಂದ ಆಹಾರ. ಎರಡನೆಯ ಗುಂಪಿನವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನುಗಳು ಇಳಿದವು. ಸ್ವೀಡನ್ನಿನಲ್ಲಿ ಹಾಲು ಕುಡಿದವರಲ್ಲಿ ಹೆಚ್ಚಿದ್ದ ಅದೇ ಇಂಟರ್‌ಲ್ಯೂಕಿನ್-6 ಇಲ್ಲಿ ಇಳಿದ ಪಟ್ಟಿಯಲ್ಲಿದೆ. ಜನ ಕಡಿಮೆ, ಮೊಸರೊಂದನ್ನೇ ಬೇರ್ಪಡಿಸಿ ನೋಡಿದ್ದೂ ಅಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೊಸರೊಂದನ್ನೇ ತೆಗೆದುಕೊಂಡರು. 120 ಮಹಿಳೆಯರಲ್ಲಿ ಕೆಲವರಿಗೆ ಒಂಬತ್ತು ವಾರ ಕೆನೆ ತೆಗೆದ ಹಾಲಿನ ಮೊಸರು, ಉಳಿದವರಿಗೆ ಸೋಯಾದ ಸಿಹಿ. ಮೊಸರು ತಿಂದವರಲ್ಲಿ ಉರಿಯೂತದ ಕೆಲವು ಕುರುಹುಗಳು ತಗ್ಗಿದವು, ಕೊಬ್ಬು ತುಂಬಿದ ಊಟದ ನಂತರ ಆಗುವ ಏರಿಕೆಯೂ ಮಿತವಾಯಿತು. ಇದಕ್ಕೂ ಡೈರಿ ಉದ್ಯಮದ ಹಣ ಬಂದಿತ್ತು. ಸ್ವೀಡನ್, ಸ್ಟ್ಯಾನ್‌ಫರ್ಡ್, ವಿಸ್ಕಾನ್ಸಿನ್ ಮೂರೂ ಬೇರೆ ಬೇರೆ ದಾರಿ ಹಿಡಿದು ಹೊರಟು ಮೊಸರಿನ ವಿಷಯದಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ಕೀಲುನೋವಿಗೆ ಹೆದರಿ ಎಲ್ಲಕ್ಕಿಂತ ಮೊದಲು ಮೊಸರನ್ನ, ಮಜ್ಜಿಗೆ ಬಿಡುವವರು ಬಿಡುತ್ತಿರುವುದು ಆರೋಪ ಅತಿ ಕಡಿಮೆ ಇರುವ ಪದಾರ್ಥವನ್ನು.

ಇಷ್ಟಾದರೂ ‘ಹಾಲು ಬಿಟ್ಟೆ, ಹಗುರಾಯಿತು’ ಎನ್ನುವವರು ಎಲ್ಲೆಡೆ ಸಿಗುತ್ತಾರೆ, ಅವರ ಅನುಭವ ಸುಳ್ಳಲ್ಲ. ಬಹಳಷ್ಟು ಬಾರಿ ಅವರಿಗೆ ಇದ್ದದ್ದು ಉರಿಯೂತವಲ್ಲ, ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ. ಎಳೆಯ ಮಗುವಿನ ಸಣ್ಣಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಧಾರಾಳವಾಗಿರುತ್ತದೆ. ಜಗತ್ತಿನ ಹೆಚ್ಚಿನ ಜನರಲ್ಲಿ ಬೆಳೆದಂತೆ ಅದು ಕಡಿಮೆಯಾಗುತ್ತದೆ. ದೊಡ್ಡವರಾದ ಮೇಲೂ ಅದನ್ನು ಉಳಿಸಿಕೊಳ್ಳುವ ಜೀನ್ ರೂಪಾಂತರವನ್ನು 2002ರಲ್ಲಿ ಫಿನ್ಲೆಂಡಿನಲ್ಲಿ ಗುರುತಿಸಿದರು. ಹತ್ತು ವರ್ಷದ ನಂತರ ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಇದ್ದ ತಂಡವೊಂದು ಎರಡು ಸಾವಿರಕ್ಕೂ ಹೆಚ್ಚು ಭಾರತೀಯರ ಡಿಎನ್‌ಎ ನೋಡಿದಾಗ ಅದೇ ರೂಪಾಂತರ ಇಲ್ಲಿಯೂ ಸಿಕ್ಕಿತು. ವಾಯವ್ಯದಲ್ಲಿ ಹೆಚ್ಚು, ಆಗ್ನೇಯಕ್ಕೆ ಬರುತ್ತ ಕಡಿಮೆ. ದಕ್ಷಿಣದಲ್ಲಿ ಎದ್ದು ಕಾಣುವ ಅಪವಾದ ನೀಲಗಿರಿಯ ತೋಡರು, ಎಮ್ಮೆಗಳ ಸುತ್ತಲೇ ಬದುಕು ಕಟ್ಟಿಕೊಂಡವರು. ಅಂದರೆ ಕರ್ನಾಟಕದ ದೊಡ್ಡ ಪಾಲು ಜನಕ್ಕೆ ಒಂದೇ ಸಲ ಎರಡು ಲೋಟ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವುದು ಸಹಜ. ಜೀರ್ಣವಾಗದ ಸಕ್ಕರೆ ದೊಡ್ಡಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಅನಿಲ ಬಿಡುತ್ತವೆ. ಕರುಳಿಗೆ ಗಾಯವಾಗುವುದಿಲ್ಲ, ಕೀಲಿಗೂ ಅದಕ್ಕೂ ಸಂಬಂಧವಿಲ್ಲ. ಹೀಗಿರುವವರಲ್ಲೂ ಹೆಚ್ಚಿನವರು 12 ಗ್ರಾಂ ಲ್ಯಾಕ್ಟೋಸನ್ನು, ಅಂದರೆ ಸುಮಾರು ಒಂದು ಲೋಟ ಹಾಲನ್ನು, ತಾಳಿಕೊಳ್ಳುತ್ತಾರೆ.

ಅಲರ್ಜಿ ಇದಕ್ಕಿಂತ ಪೂರ್ತಿ ಬೇರೆ. ಅಲ್ಲಿ ರೋಗನಿರೋಧಕ ವ್ಯವಸ್ಥೆಯೇ ಕೇಸಿನ್ ಅಥವಾ ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ ಎಂಬ ಹಾಲಿನ ಪ್ರೋಟೀನನ್ನು ಶತ್ರುವೆಂದು ಹಿಡಿಯುತ್ತದೆ. ಮೈಮೇಲೆ ಗಂಧೆ ಏಳುತ್ತದೆ, ತುಟಿ ಊದುತ್ತದೆ, ಕೆಲವೊಮ್ಮೆ ಉಸಿರೇ ಕಟ್ಟುತ್ತದೆ. ಇದು ಅಪ್ಪಟ ಉರಿಯೂತ, ಹನಿ ಹಾಲೂ ಅಪಾಯ. ಹೆಚ್ಚಾಗಿ ಕಾಣುವುದು ಎಳೆಯ ಮಕ್ಕಳಲ್ಲಿ, ಬಹುಪಾಲು ಮಕ್ಕಳಲ್ಲಿ ಬೆಳೆದಂತೆ ಹೋಗುತ್ತದೆ. ಅನ್ನನಾಳದ ಒಳಪದರದಲ್ಲಿ ಇಯೋಸಿನೊಫಿಲ್ ಕಣಗಳು ತುಂಬಿ ನುಂಗಲು ಕಷ್ಟವಾಗುವ ಒಂದು ಕಾಯಿಲೆಯಿದೆ, ಅದನ್ನು ಕೆರಳಿಸುವ ಆಹಾರಗಳಲ್ಲಿ ಮೊದಲ ಸ್ಥಾನ ಹಾಲಿಗೇ. ಇಂಥವರಿಗೆ ಹಾಲು ಬಿಡುವುದೇ ಚಿಕಿತ್ಸೆ, ಅದರಲ್ಲಿ ಎರಡು ಮಾತಿಲ್ಲ.

ಕಫದ ವಿಷಯವೂ ಇದೆ. ಶೀತವಾದಾಗ ಹಾಲು ಕುಡಿದರೆ ಕಫ ಕಟ್ಟುತ್ತದೆ ಎಂಬುದು ನಮ್ಮಲ್ಲಷ್ಟೇ ಅಲ್ಲ, ಆಸ್ಟ್ರೇಲಿಯಾದಲ್ಲೂ ಇರುವ ನಂಬಿಕೆ. 1990ರಲ್ಲಿ ಅಡಿಲೇಡಿನ ಸಂಶೋಧಕರು 60 ಮಂದಿ ಸ್ವಯಂಸೇವಕರಿಗೆ ಶೀತದ ವೈರಸ್ಸನ್ನೇ ಕೊಟ್ಟು, ದಿನಕ್ಕೆ ಎಷ್ಟು ಹಾಲು ಕುಡಿದರು ಎಂದು ಬರೆದಿಟ್ಟು, ಮೂಗಿನಿಂದ ಬಂದ ಸಿಂಬಳವನ್ನು ತೂಕ ಮಾಡಿದರು. ಹಾಲಿಗೂ ತೂಕಕ್ಕೂ ನಂಟು ಕಾಣಲಿಲ್ಲ. ಹಾಲಿನಿಂದ ಕಫ ಎಂದು ನಂಬಿದ್ದವರು ಕೆಮ್ಮು, ಮೂಗು ಕಟ್ಟುವುದು ಹೆಚ್ಚಾಯಿತು ಎಂದು ಹೇಳಿದರು, ತೂಕದಲ್ಲಿ ಮಾತ್ರ ಅದು ತೋರಲಿಲ್ಲ. ಹಾಲು ಜೊಲ್ಲಿನ ಜೊತೆ ಬೆರೆತು ಗಂಟಲಿನಲ್ಲಿ ಕೊಂಚ ಹೊತ್ತು ಮಂದವಾಗಿ ಅಂಟಿದಂತಿರುವುದು ನಿಜ, ಕಫವೆಂದು ಅನಿಸುವುದು ಬಹುಶಃ ಅದೇ.

ಈಚೆಗೆ ಚರ್ಚೆಯೆಲ್ಲ ಎ1-ಎ2ಕ್ಕೆ ಬಂದು ನಿಂತಿದೆ. ಸೀಮೆ ಹಸುವಿನ ಹಾಲು ಉರಿಯೂತ ತರುತ್ತದೆ, ನಾಟಿ ಹಸುವಿನದು ತರುವುದಿಲ್ಲ ಎಂಬ ಮಾತಿನ ಮೇಲೆ ಎ2 ಹಾಲು, ಎ2 ತುಪ್ಪ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿವೆ. ವಿಜ್ಞಾನದ ಬೀಜ ಇಷ್ಟು: ಬೀಟಾ-ಕೇಸಿನ್ ಪ್ರೋಟೀನಿನ ಸರಪಣಿಯಲ್ಲಿ 67ನೆಯ ಕೊಂಡಿ ಎ1ರಲ್ಲಿ ಹಿಸ್ಟಿಡಿನ್, ಎ2ರಲ್ಲಿ ಪ್ರೋಲಿನ್. ಹಿಸ್ಟಿಡಿನ್ ಇದ್ದರೆ ಜೀರ್ಣವಾಗುವಾಗ ಸರಪಣಿ ಅಲ್ಲಿ ಸುಲಭವಾಗಿ ತುಂಡಾಗಿ ಬಿಸಿಎಂ-7 ಎಂಬ ಚೂರು ಬಿಡುಗಡೆಯಾಗುತ್ತದೆ. ಅದು ಕರುಳನ್ನು ಕೆಣಕುತ್ತದೆಯೇ ಎಂಬುದು ಪ್ರಶ್ನೆ. 2016ರಲ್ಲಿ ಚೀನಾದಲ್ಲಿ 45 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಎ1 ಇದ್ದ ಹಾಲು ಕುಡಿದವರಿಗೆ ಹೊಟ್ಟೆಯ ತೊಂದರೆ ಮತ್ತು ಉರಿಯೂತದ ಕುರುಹು ಹೆಚ್ಚಿದವು. ಹಣ ಹಾಕಿದ್ದು ಎ2 ಹಾಲನ್ನೇ ಮಾರುವ ನ್ಯೂಜಿಲೆಂಡ್ ಮೂಲದ ಕಂಪನಿ. ಅದಕ್ಕೂ ಮೊದಲು, 2009ರಲ್ಲಿ, ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಎಲ್ಲ ಪುರಾವೆ ನೋಡಿ, ಈ ಚೂರಿನಿಂದ ಮಧುಮೇಹ, ಹೃದ್ರೋಗದಂಥ ಕಾಯಿಲೆ ಬರುತ್ತದೆನ್ನಲು ಆಧಾರವಿಲ್ಲ ಎಂದಿತ್ತು. 2024ರ ಆಗಸ್ಟಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಪೊಟ್ಟಣಗಳ ಮೇಲಿನ ಎ1, ಎ2 ಎಂಬ ಬರಹ ತೆಗೆಯಿರಿ ಎಂದು ಸೂಚಿಸಿ, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂದಕ್ಕೆ ಪಡೆಯಿತು.

ಎಮ್ಮೆಯ ಹಾಲೆಲ್ಲ ಎ2. ದೇಸಿ ತಳಿಗಳಲ್ಲಿ ಎ2ರದೇ ಮೇಲುಗೈ. ಆದರೆ 2009ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಅಲ್ಪ ಪ್ರಮಾಣದಲ್ಲಾದರೂ ಎ1 ಜೀನ್ ಸಿಕ್ಕ ಎರಡು ದೇಸಿ ತಳಿಗಳಲ್ಲಿ ಒಂದು ನಮ್ಮ ಮಲೆನಾಡು ಗಿಡ್ಡ. ಗಿಡ್ಡ ತಳಿಯನ್ನು ಉಳಿಸಿಕೊಳ್ಳಲು ನೂರು ಒಳ್ಳೆಯ ಕಾರಣಗಳಿವೆ, ಉರಿಯೂತದ ಹೆದರಿಕೆ ಅವುಗಳಲ್ಲೊಂದಾಗಬೇಕಿಲ್ಲ. ಹಾಲಿಗೆ ದುಪ್ಪಟ್ಟು, ತುಪ್ಪಕ್ಕೆ ಅದಕ್ಕಿಂತ ಹೆಚ್ಚು ಹಣ ತೆರುವ ಮಧ್ಯಮ ವರ್ಗದ ಮನೆಗಳಿಗೆ ಈ ಮಾತನ್ನು ಯಾರಾದರೂ ನೇರವಾಗಿ ಹೇಳಬೇಕು.

ಸಂಶೋಧನೆ ಮುಗಿಯದ ಕಡೆಗಳೂ ಇವೆ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು 2022ರಲ್ಲಿ, ಕೇಸಿನ್ ವಿರುದ್ಧ ಹುಟ್ಟಿದ ಪ್ರತಿಕಾಯಗಳು ನರಗಳ ಹೊದಿಕೆಯ ಒಂದು ಪ್ರೋಟೀನನ್ನೂ ಹಾಲೆಂದು ತಪ್ಪು ತಿಳಿದು ಹಿಡಿಯುವುದನ್ನು ಇಲಿಗಳಲ್ಲಿ ತೋರಿಸಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವ ಕೆಲವರ ರಕ್ತದಲ್ಲೂ ಇಂಥ ಪ್ರತಿಕಾಯಗಳಿದ್ದವು. ಅವರು ವೈದ್ಯರೊಡನೆ ಈ ಬಗ್ಗೆ ಮಾತಾಡುವುದರಲ್ಲಿ ಅರ್ಥವಿದೆ. ಮೊಡವೆಯ ವಿಷಯದಲ್ಲಿ 2018ರಲ್ಲಿ 78,529 ಮಕ್ಕಳು ಮತ್ತು ತರುಣರ ಮಾಹಿತಿಯನ್ನು ಕೂಡಿಸಿ ನೋಡಿದಾಗ ಹಾಲು ಕುಡಿಯುವವರಲ್ಲಿ ಮೊಡವೆ ತುಸು ಹೆಚ್ಚು ಕಂಡಿತು. ಹಾಲು ಇನ್ಸುಲಿನ್ ಮತ್ತು ಐಜಿಎಫ್-1 ಹಾರ್ಮೋನನ್ನು ಏರಿಸುವುದು ಕಾರಣವಿರಬಹುದು.

ಹಾಲಿನ ಜೊತೆ ಏನು ಹೋಗುತ್ತಿದೆ ಎಂದೂ ನೋಡಬೇಕು. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ ಎಂದರೆ ಸುಮಾರು 40 ಗ್ರಾಂ. ಅದರ ಮೇಲೆ ಪೇಡ, ಐಸ್‌ಕ್ರೀಮ್, ಬಣ್ಣದ ಪರಿಮಳದ ಹಾಲು. ಇವುಗಳನ್ನೆಲ್ಲ ಬಿಟ್ಟವರಿಗೆ ಸೊಂಟ ಕರಗಿ ಸಿಆರ್‌ಪಿ ಇಳಿದರೆ ಅದರ ಪುಣ್ಯ ಹಾಲು ಬಿಟ್ಟದ್ದಕ್ಕೆ ಸಲ್ಲಬೇಕಿಲ್ಲ. ಹೊಟ್ಟೆಯ ಸುತ್ತಲಿನ ಕೊಬ್ಬು ತಾನೇ ಇಂಟರ್‌ಲ್ಯೂಕಿನ್-6 ತಯಾರಿಸುತ್ತದೆ, ತೂಕ ಇಳಿದರೆ ಅದೂ ಇಳಿಯುತ್ತದೆ.

ಪರೀಕ್ಷಿಸಿಯೇ ತಿಳಿಯಬೇಕೆನ್ನುವವರಿಗೆ ದಾರಿಯಿದೆ. ಎರಡರಿಂದ ನಾಲ್ಕು ವಾರ ಹಾಲು, ಮೊಸರು, ತುಪ್ಪ, ಬಿಸ್ಕತ್ತಿನೊಳಗಿನ ಹಾಲಿನಪುಡಿ ಎಲ್ಲವನ್ನೂ ನಿಲ್ಲಿಸಿ, ಬೇರೇನನ್ನೂ ಬದಲಿಸದೆ, ನೋವು-ಊತವನ್ನು ದಿನವೂ ಬರೆದಿಡುವುದು. ಆಮೇಲೆ ಮತ್ತೆ ಶುರುಮಾಡಿ ಏನಾಗುತ್ತದೆ ಎಂದು ನೋಡುವುದು. ಬಿಟ್ಟಾಗ ಇಳಿದು, ತಿಂದಾಗ ಮರಳಿ ಬಂದರೆ ಆ ದೇಹದ ಮಟ್ಟಿಗೆ ಅದು ನಿಜ. ಅಲರ್ಜಿಯ ಅನುಮಾನವಿದ್ದರೆ, ಮಕ್ಕಳಾಗಿದ್ದರೆ ಇದನ್ನು ಮನೆಯಲ್ಲಿ ಮಾಡಬಾರದು, ವೈದ್ಯರ ಕಣ್ಣೆದುರೇ ಆಗಬೇಕು. ರುಮಟಾಯ್ಡ್ ಸಂಧಿವಾತದವರು ಮಾತ್ರೆ ನಿಲ್ಲಿಸಿ ಹಾಲು ಬಿಟ್ಟು ಕಾಯುವಂತಿಲ್ಲ, ಆ ತಿಂಗಳುಗಳಲ್ಲಿ ಕೀಲಿಗೆ ಆಗುವ ಹಾನಿಯನ್ನು ಮತ್ತೆ ಸರಿಪಡಿಸಲಾಗದು.

ಬಿಡುವವರು ಅದರ ಜಾಗಕ್ಕೆ ಏನನ್ನು ತರುತ್ತಾರೆ ಎಂಬುದು ಬಿಡುವುದರಷ್ಟೇ ಮುಖ್ಯ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ ದಿನದ ತಟ್ಟೆಯಲ್ಲಿ 300 ಮಿಲಿಲೀಟರ್ ಹಾಲು ಅಥವಾ ಮೊಸರಿಗೆ ಜಾಗ ಇಟ್ಟಿದೆ. ಅದರಲ್ಲಿನ ಕ್ಯಾಲ್ಸಿಯಂ ತುಂಬಿಕೊಳ್ಳಲು ಕರ್ನಾಟಕದವರಿಗೆ ರಾಗಿ ಇದೆ, 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸಿಗುತ್ತದೆ, ಎಳ್ಳು, ಸೊಪ್ಪು, ಸಣ್ಣ ಮೀನು ಇವೆ. ಪ್ರೋಟೀನಿಗೆ ಬೇಳೆಕಾಳು, ಮೊಟ್ಟೆ ಇವೆ. ಮೊಟ್ಟೆ, ಮೀನು, ಮಾಂಸ ಮುಟ್ಟದ ಮನೆಗಳಲ್ಲಿ ಮಾತ್ರ ವಿಟಮಿನ್ ಬಿ12ಕ್ಕೆ ಹಾಲು-ಮೊಸರು ಬಿಟ್ಟರೆ ಬೇರೆ ಸಹಜ ಮೂಲವೇ ಇಲ್ಲ. ರಾಗಿಯಲ್ಲೂ ಇಲ್ಲ, ಬಾದಾಮಿ ಹಾಲಿನಲ್ಲೂ ಹೊರಗಿನಿಂದ ಸೇರಿಸಿದರಷ್ಟೇ ಉಂಟು. ಅದು ಕಡಿಮೆಯಾದರೆ ಕೈಕಾಲು ಜೋಮು ಹಿಡಿಯುತ್ತದೆ, ಸುಸ್ತಾಗುತ್ತದೆ, ಮರೆವು ಕಾಡುತ್ತದೆ. ಇವುಗಳನ್ನೂ ಉರಿಯೂತದ ಲಕ್ಷಣವೆಂದೇ ತಿಳಿದು ಇನ್ನಷ್ಟು ಆಹಾರ ಬಿಡುವವರಿದ್ದಾರೆ. ಅಂಥ ಮನೆಯವರು ಹಾಲು ನಿಲ್ಲಿಸುವ ಮೊದಲು ಒಮ್ಮೆ, ನಿಲ್ಲಿಸಿದ ಆರು ತಿಂಗಳಿಗೆ ಮತ್ತೊಮ್ಮೆ ರಕ್ತದಲ್ಲಿ ಬಿ12 ಎಷ್ಟಿದೆ ಎಂದು ನೋಡಿಸಿಕೊಂಡು, ಕಡಿಮೆ ಬಂದರೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಬೇಕು.